ಕೇಳುವ ಬೆಲೆ

ವಿನಿಪೆಗ್, ನವೆಂಬರ್. ಕರ್ಲಿಂಗ್ ಕ್ಲಬ್ಬಿನ ಮೇಲಂತಸ್ತಿನಲ್ಲಿ
ನಾಣ್ಯಗಳ ಸಂತೆ. ಕೆಳಗೆ ಮಂಜುಗಡ್ಡೆಯ ಮೇಲೆ
ಕಲ್ಲು ಜಾರುವ ಸದ್ದು, ‘ಗುಡಿಸು, ಗುಡಿಸು’ ಎಂದು ಯಾರದೋ ಕೂಗು.
ನನ್ನ ಮೇಜು ಬಾಗಿಲ ಪಕ್ಕ,
ಒಳಬಂದ ಚಳಿ ಮೊದಲು ನನ್ನನ್ನೇ ವಿಚಾರಿಸುತ್ತದೆ.

ನಾನು ಮಾರುವುದು ತಪ್ಪುಗಳನ್ನು.
ದೊಡ್ಡವಲ್ಲ. ದೊಡ್ಡ ತಪ್ಪಿನ ನಾಣ್ಯಗಳಿಗೆ
ಗಾಜಿನ ಪೆಟ್ಟಿಗೆ, ವಿಮೆ, ಟೊರಾಂಟೊದ ಹರಾಜು ಇವೆ.
ನನ್ನವು ಚಿಲ್ಲರೆ ತಪ್ಪುಗಳು:
ಅಚ್ಚು ಬಿರಿದು ರಾಣಿಯ ಕೆನ್ನೆಗೆ ಬಿದ್ದ ಕೂದಲೆಳೆ ಗೀರು,
ಅಂಚಿನತ್ತ ತುಸುವೇ ಸರಿದ ಮೇಪಲ್ ಎಲೆ,
ಎರಡು ಸಲ ಬರೆದಂತೆ ಕಾಣುವ,
ಕಾಣಬೇಕೆಂದವರಿಗೆ ಮಾತ್ರ ಕಾಣುವ ಇಸವಿ.

ಇವಕ್ಕೆ ಇಷ್ಟು ಬೆಲೆಯೇ ಎಂದು ಕೇಳುತ್ತಾರೆ.
ಕೇಳಲಿ. ನಾನೂ ಕೇಳುತ್ತೇನೆ.
ಕೇಳುವ ಬೆಲೆ ಎಂದರೆ ಅಷ್ಟೇ: ನಾನು ಕೇಳುತ್ತೇನೆ,
ಅವರು ಕೇಳಿಯೂ ಕೇಳಿಸದವರಂತೆ ಮುಂದಿನ ಮೇಜಿಗೆ ಹೋಗುತ್ತಾರೆ.
ಕಾಸಿಗೆ ತಕ್ಕ ಕಜ್ಜಾಯ ಎನ್ನುವವರಿಗೆ ಏನು ಹೇಳಲಿ,
ಇಲ್ಲಿ ಕಾಸೇ ಕಜ್ಜಾಯ, ಕರಿದವರ ಕೈತಪ್ಪಿ ಅಂಚು ಸೀದದ್ದು.
ಮೂವತ್ತೈದೆಂದದ್ದು ಹನ್ನೆರಡಕ್ಕೆ ಇಳಿದದ್ದುಂಟು,
ಆರು ವರ್ಷ ಇಳಿಯದೆ ಕೂತದ್ದೂ ಉಂಟು.
ಅದನ್ನು ಊರೂರು ಹೊತ್ತ ಪೆಟ್ರೋಲಿನ ಖರ್ಚನ್ನು
ಹೆಂಡತಿ ಹಲೀನಾ ಒಮ್ಮೆ ಲೆಕ್ಕ ಹಾಕಿ, ಹಾಳೆ ಮಡಚಿ,
ನನ್ನ ಊಟದ ಡಬ್ಬಿಯಲ್ಲಿಟ್ಟಿದ್ದಳು.

ಇವತ್ತಿನದು ಐದು ಸೆಂಟಿನ ಬಿಲ್ಲೆ.
ಬೀವರ್ ಎಂದಿನಂತೆ ತನ್ನ ದಿಮ್ಮಿಯ ಬಳಿ,
ಆದರೆ ಸೆಂಟ್ಸ್ ಎನ್ನುವಲ್ಲಿ ಮೊದಲಕ್ಷರ ಮಾಯ.
ರಟ್ಟಿನ ಚೌಕದಲ್ಲಿ ಕೂರಿಸಿ ನೀಲಿ ಶಾಯಿಯಲ್ಲಿ ಬರೆದಿದ್ದೆ:
ಅಪರೂಪ. ೩೫ ಡಾಲರ್.
ಅಪರೂಪದ ಕೆಳಗೆ ಒಂದು ಗೆರೆ. ಆ ಗೆರೆ ನನ್ನ ಅನುಮಾನದ್ದು.

ಹನ್ನೊಂದರ ಸುಮಾರಿಗೆ ಬಂದಳು, ದಪ್ಪ ಕೋಟಿನೊಳಗೊಬ್ಬ ಗಿಡ್ಡ ಹೆಂಗಸು.
ಎರ್ಲಿಂಡಾ ಮಗ್ಬನುವಾ, ಹೆಸರು ಆಮೇಲೆ ಹೇಳಿದಳು.
ಮೊಮ್ಮಗನ ಆಟ ಮುಗಿಯುವ ತನಕ
ಎಲ್ಲಾದರೂ ಬೆಚ್ಚಗೆ ನಿಲ್ಲಬೇಕಿತ್ತಂತೆ.
ಭೂತಗನ್ನಡಿ ಕೇಳಿದಳು. ನೋಡಿದಳು. ನಕ್ಕಳು.
“ಇದು ನನ್ನದು.”

ಬಿಲ್ಲೆಯೇ?
“ತಪ್ಪು. ಟಂಕಸಾಲೆಯಲ್ಲಿ ಹತ್ತೊಂಬತ್ತು ವರ್ಷ, ರಾತ್ರಿ ಪಾಳಿ,
ನಾಲ್ಕನೇ ಯಂತ್ರ. ಅಚ್ಚಿನಲ್ಲಿ ಆ ಅಕ್ಷರದ ಗುಳಿಗೆ
ಗ್ರೀಸು ಮೆತ್ತಿಕೊಂಡಿತ್ತು. ಊಟದ ಬಿಡುವಿನಲ್ಲಿ
ಇಲೋಯ್ಲೋದಿಂದ ಅಕ್ಕನ ಫೋನು, ಅಮ್ಮನ ವಿಷಯ.
ಮರಳಿ ಬಂದು ಯಂತ್ರದ ಮುಂದೆ ನಿಂತೇ ಇದ್ದೆ,
ಕಣ್ಣು ಮಾತ್ರ ಅಲ್ಲಿರಲಿಲ್ಲ.
ನಿಮಿಷಕ್ಕೆ ಏಳುನೂರು. ನಲವತ್ತು ನಿಮಿಷ.
ನೀವೇ ಗುಣಿಸಿ, ಮಿಸ್ಟರ್ ಓರೆಸ್ಟ್.”

ಗುಣಿಸಿದೆ. ಇಪ್ಪತ್ತೆಂಟು ಸಾವಿರ.
ನೀಲಿ ಶಾಯಿಯ ಅಪರೂಪ ನನ್ನ ಕಡೆ ನೋಡಲಿಲ್ಲ.

“ಎಷ್ಟೋ ಹಿಡಿದು ಕರಗಿಸಿದರು,” ಸಮಾಧಾನಕ್ಕೆಂಬಂತೆ ಅಂದಳು,
“ಎಷ್ಟೋ ಮೂಟೆ ಹೊರಟೇಹೋಗಿತ್ತು.
ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಸಹಿ, ಮೊಹರು, ಎಲ್ಲ ಇದೆ,
ಇನ್ನೂ ಇಟ್ಟಿದ್ದೇನೆ. ಅದು ಮಾತ್ರ ಒಂದೇ ಒಂದು ಪ್ರತಿ.
ಅದಕ್ಕೆಷ್ಟು ಕೇಳಬಹುದು?”

ನಲವತ್ತು ವರ್ಷದ ವ್ಯಾಪಾರಿ ನಾನು,
ಒಂದಂಕಿಯೂ ಬಾಯಿಗೆ ಬರಲಿಲ್ಲ.

ಪರ್ಸು ತಡಕಿ ಐದು ಸೆಂಟೊಂದನ್ನು ಮೇಜಿನ ಮೇಲಿಟ್ಟಳು.
“ಐದಕ್ಕೆ ಐದು. ಸರಿಯಲ್ಲವೇ?”
ಸರಿಯಲ್ಲ ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ನನ್ನ ಹೆಬ್ಬೆರಳೇ
ರಟ್ಟಿನ ಪಿನ್ನು ಕೀಳುತ್ತಿತ್ತು.

ಕಾಫಿ ಮೇಜಿನಲ್ಲಿ ಅವಳು ಒಂದೂಕಾಲು ಡಾಲರ್ ಎಣಿಸಿದ್ದು
ಇಲ್ಲಿಂದಲೇ ಕಂಡಿತು: ಒಂದು ಲೂನಿ,
ಎರಡು ಹತ್ತರವು, ಕೊನೆಗೆ ಅದು.
ಬಿಸ್ಕತ್ತಿನ ಡಬ್ಬಿಯೊಳಗೆ ಬಿದ್ದಾಗ
ಸದ್ದು ಉಳಿದವುಗಳ ಸದ್ದೇ.

ಅವಳು ಬಿಟ್ಟುಹೋದ ಬಿಲ್ಲೆಯನ್ನು ಕನ್ನಡಿಯಡಿ ಹಿಡಿದೆ.
ಬೀವರ್, ದಿಮ್ಮಿ, ಎಲೆಗಳೆರಡು,
ಅಕ್ಷರಗಳೆಲ್ಲ ಅಚ್ಚುಕಟ್ಟಾಗಿ ಅವುಗಳ ಜಾಗದಲ್ಲಿ.
ಏನೂ ತಪ್ಪಿಲ್ಲ.
ದೀಪದ ಹತ್ತಿರ ಸರಿದು
ಮತ್ತೊಮ್ಮೆ ನೋಡಿದೆ.