ನಲವತ್ತೇಳನೆಯ ಅತ್ತಿ

ಬಿದ್ದ ಮರ ಹಣ್ಣು ಬಿಟ್ಟಿದೆ
ಒಚಿಟ್ಟಿಯ ಟಿಪ್ಪಣಿ ಪುಸ್ತಕದಲ್ಲಿ.

ಮಂಗಳವಾರ, ಬೆಳಿಗ್ಗೆ ಏಳು ಹತ್ತು.
ಅತ್ತಿ, ಸಂಖ್ಯೆ ನಲವತ್ತೇಳು.
ಚಿಗುರು ಒಂದು. ಕಾಯಿ ಮೂರು. ಮಾಗಿದ್ದು ಎರಡು.
ಮಂಗ ಇಲ್ಲ.
ಮುತ್ತು ಪೋಣಿಸಿದಂಥ ಅಕ್ಷರ,
ಹಾಳೆಯಲ್ಲಿ ಒಂದು ಹನಿ ಕೆಸರಿಲ್ಲ.
ಅಲ್ಲೇ ಅನುಮಾನ ಬರಬೇಕಿತ್ತು ನನಗೆ:
ಮಂಗಳವಾರ ಇಡೀ ರುವೆಂಜೋರಿ ಬೆಟ್ಟವೇ
ಕರಗಿ ಇಳಿದ ಹಾಗೆ ಮಳೆ.

ಆ ಮರ ಜನವರಿಯ ಗಾಳಿಗೆ ಬುಡಮೇಲಾಗಿ
ಹಾದಿಗೆ ಅಡ್ಡ ಮಲಗಿದೆ.
ಹುಡುಗ ಆ ಹಾದಿ ಇನ್ನೂ ತುಳಿದಿಲ್ಲ,
ಹಳೆಯ ಪಟ್ಟಿಯಿಂದ ಸಂಖ್ಯೆ ಇಳಿಸಿಕೊಂಡಿದ್ದಾನೆ.
ಗುಲುವಿನವನು, ಬಯಲಲ್ಲಿ ಬೆಳೆದವನು.
ಆನೆಯ ಹೆಜ್ಜೆಯಲ್ಲಿ ನೀರು ನಿಂತದ್ದು ಕಂಡ ದಿನದಿಂದ
ಊಟದ ಹೊತ್ತಲ್ಲೂ ಮಾತಿಲ್ಲ.

ಮೊದಲ ದಿನ ನಾನು ಹೇಳುವ ಪಾಠ ಪ್ರತಿ ವರ್ಷವೂ ಒಂದೇ:
ಹೋಗಿ ನೋಡಿ, ಇಲ್ಲದಿದ್ದರೆ ಸೊನ್ನೆ ಬರೆಯಿರಿ.
ಹೋಗದಿದ್ದರೆ ಖಾಲಿ ಬಿಡಿ.
ಸೊನ್ನೆ ಬೇರೆ, ಖಾಲಿ ಬೇರೆ.
ಪರೀಕ್ಷೆಯಲ್ಲಿ ಸೊನ್ನೆ ಸುತ್ತಿದವರು ಇಲ್ಲಿಯವರೆಗೆ ಬರುವುದಿಲ್ಲವಲ್ಲ,
ಆ ದುಂಡಗಿನ ಗುರುತು ಕಂಡರೆ ಈ ಮಕ್ಕಳಿಗೆ ದಿಗಿಲು.
"ಮೂರು ವಾರವೂ ಸೊನ್ನೆಯೇ ಬಂದರೆ
ಪದವಿ ಕೊಡ್ತಾರಾ ಮೇಡಂ?"
ನಬ್ವಿರೆ ಕೇಳಿದಾಗ ಎಲ್ಲರೂ ನಕ್ಕರು.
ಒಚಿಟ್ಟಿ ನಗಲಿಲ್ಲ. ಈಗ ನೆನಪಾಗುತ್ತಿದೆ.

ಕೆಂಪು ಪೆನ್ನು ತೆಗೆದೆ.
ಅರ್ಧ ಸುತ್ತು ಬಂದಿತ್ತು ಕೈ,
ಕಂಡಿತು, ಆ ಎರಡರ ಪಕ್ಕ
ಸೀಸದಕಡ್ಡಿಯ ಒಂದು ಚುಕ್ಕೆ,
ಸೊಳ್ಳೆ ಕೂತು ಎದ್ದ ಹಾಗೆ.

ಬಗೊಂಜಾ ಇಟ್ಟದ್ದು.
ಓದಿದ್ದು ನಾಲ್ಕನೇ ಕ್ಲಾಸು,
ಇಪ್ಪತ್ತೇಳು ವರ್ಷದಿಂದ ಈ ಕಾಡಿನ ಮರಗಳ ಹಾಜರಿ ತೆಗೆಯುವವರು.
ಈ ಚುಕ್ಕೆ ನಾನು ಬೇರೆಲ್ಲೋ ಕಂಡಿದ್ದೇನೆ.

ಕಬ್ಬಿಣದ ಬೀರು, ಮೂರನೆಯ ಅರೆ,
ಗೆದ್ದಲು ಅಂಚು ತಿಂದ ದಪ್ಪ ಪುಸ್ತಕ.
ನಾನು ವಿದ್ಯಾರ್ಥಿನಿಯಾಗಿದ್ದ ವರ್ಷ, ನನ್ನದೇ ಕೈಬರಹ.
ಹನ್ನೆರಡನೆಯ ಮರ. ಮಾಗಿದ್ದು: ಮೂರು.
ಅದರ ಪಕ್ಕ, ಮಸುಕಾಗಿ.

ಜ್ವರವಿತ್ತು ಎನ್ನಬಹುದು. ಇರಲಿಲ್ಲ.
ಕಂಪಾಲಾದಿಂದ ಒಂದು ಪತ್ರ ಬಂದಿತ್ತು,
ಮಲಗಿಕೊಂಡೇ ಓದಿದೆ ಇಡೀ ದಿನ.

ಆ ಮೂರು ಈಗ ಎಲ್ಲಿದೆ?
ನನ್ನ ಪ್ರಬಂಧದ ನಕ್ಷೆಯಲ್ಲಿ
ಗೆರೆ ಕೂದಲೆಳೆಯಷ್ಟು ಮೇಲೇಳುವಲ್ಲಿ,
ಆಮೇಲೆ ಯಾರು ಯಾರದೋ ಸರಾಸರಿಯೊಳಗೆ
ಸಾರಿಗೆ ಬಿದ್ದ ಉಪ್ಪಿನ ಹಾಗೆ.
ಹೆಕ್ಕಿ ತೆಗೆಯಲು ಬರುವುದಿಲ್ಲ.
ಒಂದು ಅಂಕಿ ಅಷ್ಟು ಭಾರ ಹೊರುವುದಿಲ್ಲ,
ಲೆಕ್ಕ ಹಾಗೆ ಹೇಳುತ್ತದೆ.
ಲೆಕ್ಕ ಹೇಳುತ್ತದೆ.

ಈ ಸೀಮೆಯಲ್ಲಿ ಪ್ರತಿಯೊಬ್ಬರಿಗೂ
ಹುಟ್ಟುಹೆಸರಲ್ಲದೆ ಅಕ್ಕರೆಯದೊಂದು ಹೆಸರುಂಟು.
ನನಗೆ 'ಅಬ್ಬೋಕಿ' ಎಂದು ಇಟ್ಟವರು ಬಗೊಂಜಾ,
ಆ ಚುಕ್ಕೆ ಇಟ್ಟ ಮೇಲೆ.
ಅಂದಿನಿಂದ ಎಷ್ಟು ಬೆಳಗು,
ಮಚ್ಚಿನಿಂದ ಬಳ್ಳಿ ಸವರುತ್ತ ಮುಂದೆ ನಡೆದರು,
"ಅಬ್ಬೋಕಿ, ಅಲ್ಲಿ ಜಾರುತ್ತೆ, ನೋಡಿಕೊಂಡು"
ಎಂದರೇ ಹೊರತು
ಒಮ್ಮೆಯೂ ಕೇಳಲಿಲ್ಲ.

ಲ್ಯಾಂಪಿನ ಬ್ಯಾಟರಿ ಮುಗಿಯಿತು.
ಅರ್ಧ ಸೊನ್ನೆ ಅರ್ಧವೇ ಉಳಿಯಿತು.

ಬೆಳಿಗ್ಗೆ ಹೊರಟೆವು, ಮೂವರು.
ಆನೆ ಇರಲಿಲ್ಲ. ಲದ್ದಿ ಇತ್ತು, ಹಬೆಯಾಡುತ್ತ.
ಹುಡುಗ ನನ್ನ ಬೆನ್ನಿಗೆ ಅಂಟಿಕೊಂಡೇ ಬಂದ.
ಮರ ಮಲಗಿತ್ತು, ಬೇರು ಆಕಾಶಕ್ಕೆ,
ಪಾಚಿಯ ನಡುವೆ ತಗಡಿನ ಬಿಲ್ಲೆ: ನಲವತ್ತೇಳು.
ಅವನು ಅದನ್ನು ಬೆರಳಿಂದ ಒರೆಸಿದ,
ಮತ್ತೆ ಒರೆಸಿದ.

ಬಗೊಂಜಾ ಕಾಂಡದ ಮೇಲೆ ಕೂತರು,
ಬೇಯಿಸಿದ ಗೆಣಸು ಮುರಿದು ಮೂರು ಪಾಲು ಮಾಡಿದರು.
"ಬರೆದುಕೋ" ಎಂದರು.
ಯಾವ ಕಾಲಮ್ಮಿನಲ್ಲಿ ಎಂದು
ಅವನು ನನ್ನ ಕಡೆ ನೋಡಿದ.

ಬಿದ್ದ ಮರಕ್ಕೆ ನಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.
ನನ್ನ ಬಾಯಲ್ಲಿ ಗೆಣಸಿತ್ತು.