ಮೂರನೇ ದೀಪದ ಕಂಬ

ಟುಂಡುಮಾದಲ್ಲಿ ಲಾರಿಗಳ ಸಾಲು ಏಳು ಕಿಲೋಮೀಟರು.
ನನ್ನದು ಎಷ್ಟನೆಯದೋ, ಎಣಿಸುವುದು ಬಿಟ್ಟು ಮೂರು ದಿನ.
ಬೆನ್ನಿಗೆ ಮೂವತ್ತು ಟನ್ನು ಗಂಧಕ. ಮುಂದೆ
ಟಾಂಜಾನಿಯಾದ್ದೊಂದು ಗೇಟು, ಆಮೇಲೆ ಜಾಂಬಿಯಾದ್ದು, ನಮ್ಮದು,
ನಡುವೆ ಒಂದು ಸಿಗರೇಟು ಮುಗಿಯುವಷ್ಟು ದಾರಿ.

ನಕೊಂಡೆಯ ದೀಪಗಳು ಕೂಗಳತೆಯಲ್ಲಿವೆ.
ಅಲ್ಲೊಂದು ನಾಯಿ ಬೊಗಳಿದರೆ
ಇಲ್ಲಿಯದು ಎದ್ದು ಉತ್ತರ ಕೊಡುತ್ತದೆ.
ಅದಕ್ಕೆ ಮೊಹರು ಬೇಡ.
ನನಗೆ ನಾಲ್ಕು ಬೇಕು.

ಮತದಾನದ ದಿನ ನಾನು ದಾರ್ ಎಸ್ ಸಲಾಮಿನ ಬಂದರಲ್ಲಿ
ಕೆಟ್ಟು ನಿಂತ ಕ್ರೇನಿನ ನೆರಳಲ್ಲಿ ಮಲಗಿದ್ದೆ.
ಬುಪೆ ತನ್ನ ಹೆಬ್ಬೆರಳಿನ ಫೋಟೊ ಕಳಿಸಿದ್ದಳು:
ಗೆಣ್ಣಿನವರೆಗೂ ಕಪ್ಪು ಶಾಯಿ,
ಹಿಂದೆ ಮಸುಕಾಗಿ, ಮಗುವಿನ ಜೊಲ್ಲು ಸುರಿವ ಗಲ್ಲ.
ನಿಂದು ತೋರಿಸು, ಅಂದಳು.
ತೋರಿಸಿದೆ. ಹೋದ ಟ್ರಿಪ್ಪಿನ ಗಂಧಕದ ಹಳದಿ,
ಉಗುರ ಸಂದಿಗೆ ಗ್ರೀಸು.
ಆ ಬಣ್ಣದ ಪಕ್ಷ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಅಂದಳು.

ನಮ್ಮ ಸಿಮ್ಮಿಗೆ ಈ ಊರಲ್ಲಿ ಜೀವ ಬರುವುದು ಒಂದೇ ಕಡೆ,
ಅಟುಪೆಲೆಯ ಚಾಯ್ ಒಲೆಯಿಂದ ಮೂರನೇ ದೀಪದ ಕಂಬ.
ಆಚೆಯ ಟವರಿನ ಅಲೆ ಬೇಲಿ ಹಾರಿ
ಅಲ್ಲಿಗೇ ಬಂದು ಬೀಳುತ್ತದಂತೆ.
ಬಲಕ್ಕೆ ಎರಡು ಹೆಜ್ಜೆ ಸರಿದರೆ ಪರದೇಶ.

ಆಗಸ್ಟಿನ ಚಳಿ. ಹತ್ತು ಹನ್ನೆರಡು ಜನ
ಕಂಬಕ್ಕೆ ಜೇನಿನಂತೆ ಕಟ್ಟಿಕೊಂಡು ಫೋನು ಎತ್ತಿ ನಿಂತಿದ್ದೇವೆ.
ಒಂದೊಂದೇ ಆರಿ, ಈಗ ಚಾರ್ಜು ಉಳಿದಿರುವುದು
ಸಿಮುಕೊಂಡನ ಫೋನಿನಲ್ಲಿ ಮಾತ್ರ.
ಅವನು ಆ ಪಕ್ಷ, ನಾನು ಈ ಪಕ್ಷ.
ಮೊರೊಗೊರೊ ಇಳಿಜಾರಿನಲ್ಲಿ ನನಗೆ ಜಾಕು ಕೊಟ್ಟು
ಎರಡು ತಾಸು ಕಾದವನೂ ಅವನೇ.
ಅವನವರು ಮುಂದಿದ್ದರೆ ಅಂಕಿಗಳನ್ನು ಹರಾಜು ಕೂಗುತ್ತಾನೆ,
ನನ್ನವರು ಮುಂದಿದ್ದರೆ ಕೆಮ್ಮುತ್ತಾನೆ.
ಕೆಮ್ಮಿನಿಂದಲೇ ನನಗೆ ಲೆಕ್ಕ ಸಿಗುತ್ತದೆ.

ಕಾಂಗೋದ ಕಯೆಂಬೆ ನಮ್ಮ ನಡುವೆ ಸುಮ್ಮನೆ ನಿಂತಿದ್ದ,
ಬಿಸಿಗೆ ಲೋಟವನ್ನು ಕೆನ್ನೆಗೆ ಒತ್ತಿಕೊಂಡು.
ಯಾರು ಗೆದ್ದರು ಅಂತ ಕೇಳಲಿಲ್ಲ.
ಕೊನೆಯಲ್ಲಿ ಓದುತ್ತೀರಲ್ಲ, ತಿರಸ್ಕೃತ, ಅದೇನು? ಅಂದ.
ಎರಡು ಕಡೆ ಗುರುತು ಬಿದ್ದದ್ದು, ಖಾಲಿ ಬಿಟ್ಟದ್ದು.
ಅದನ್ನೂ ಎಣಿಸಿ ಹೇಳುತ್ತಾರಾ?
ಹೇಳುತ್ತಾರೆ.
ಅವನು ಬಹಳ ಹೊತ್ತು ಬೇಲಿಯನ್ನೇ ನೋಡಿ
ಇನ್ನೊಂದು ಚಾಯ್ ಹೇಳಿದ, ಸಕ್ಕರೆ ಜಾಸ್ತಿ.

ಬೆಳಗಿನ ಜಾವ ನಮ್ಮ ಕ್ಷೇತ್ರ ಬಂತು.
ಸಿಮುಕೊಂಡ ಕೂಗಲಿಲ್ಲ, ಕೆಮ್ಮಲೂ ಇಲ್ಲ.
ಅರವತ್ತೊಂದು ಮತ, ಅಂದ ಮೆಲ್ಲಗೆ, ನಮ್ಮವನು.
ತಿರಸ್ಕೃತ ಮುನ್ನೂರ ಹನ್ನೆರಡು.
ಬಿಸಿಲಲ್ಲಿ ಸರದಿ ನಿಂತು, ಪರದೆಯ ಹಿಂದೆ ಹೋಗಿ
ಕೈ ತಪ್ಪಿದವರು ಮುನ್ನೂರ ಹನ್ನೆರಡು.
ನನ್ನ ಕೈ ತಪ್ಪಲಿಲ್ಲ. ಸ್ಟೇರಿಂಗಿನ ಮೇಲಿತ್ತು.

ಬಳಸದೆ ಉಳಿದ ಚೀಟಿಗಳನ್ನೂ ಕಟ್ಟು ಕಟ್ಟುತ್ತಾರೆ,
ಮಾವ ಶಾಲಾ ಮೇಷ್ಟರು, ಮತಗಟ್ಟೆಗೆ ಕೂತವರು, ಹೇಳಿದ್ದರು:
ಸಾಬೂನಿನಷ್ಟು ದಪ್ಪ, ಮೇಲೆ ರಬ್ಬರು, ಒಂದು ಸಹಿ.
ಹಾಗಾದರೆ ಅಲ್ಲಿದ್ದೇನೆ ನಾನು, ಎಣಿಕೆಯೊಳಗೇ,
ಯಾರ ರಾಶಿಗೂ ಸೇರದೆ.

ಇನ್ನು ಒಂಬತ್ತು ಕ್ಷೇತ್ರ. ಅಷ್ಟರಲ್ಲಿ ಗೇಟು ತೆರೆಯಿತು.
ಯಾರೋ ಹಾರನ್ ಒತ್ತಿದ. ಎಲ್ಲರೂ ಓಡಿದೆವು
ದೇಶ, ಕಂಬ, ಅರ್ಧ ಲೋಟ, ಎಲ್ಲ ಅಲ್ಲಲ್ಲೇ ಬಿಟ್ಟು.
ಸಾಲು ಜರುಗಿದ್ದು ಎರಡು ಲಾರಿಯಷ್ಟು.
ಮತ್ತೆ ಇಂಜಿನ್ ಆರಿಸಿದಾಗ
ಬೇಲಿಯಾಚೆ ಸೀಟಿ, ತಗಡು ಬಡಿತ, ಹೆಂಗಸರ ಉಲಿ.
ಯಾರೋ ಗೆದ್ದಿದ್ದಾರೆ.
ಸಂತೋಷಕ್ಕೆ ಇಷ್ಟು ದೂರದಿಂದ
ಬಣ್ಣ ಗೊತ್ತಾಗುವುದಿಲ್ಲ.

ಕಿಟಕಿಗೆ ಅಟುಪೆಲೆ ಬಂದು ಬಡಿದಳು.
ಏಳು ಚಾಯ್, ಅಂದಳು.
ಆರು, ಅಂದೆ ನಾನು.
ಕಯೆಂಬೆಯದೂ ಸೇರಿ, ಅಂದಳು.
ಲೋಟಗಳನ್ನು ಬಾನೆಟ್ಟಿನ ಮೇಲಿಟ್ಟು
ಇಬ್ಬರೂ ಮೊದಲಿಂದ ಎಣಿಸತೊಡಗಿದೆವು.