ಪೆನ್ಸಿಲ್ಲು ಮೊದಲು

ಬಿಷ್ಕೆಕ್ಕಿನ ದೊರ್ದೊಯ್ ಸಂತೆಯಲ್ಲಿ
ಡಬ್ಬಿಯ ಮೇಲೆ ಡಬ್ಬಿ, ಹಡಗಿನ ಕಂಟೇನರುಗಳು.
ಸಮುದ್ರವೇ ಇಲ್ಲದ ನಾಡಿಗೆ ಹೇಗೋ ಬಂದು
ಅಂಗಡಿಯಾಗಿ ಕೂತಿವೆ.
ನಮ್ಮದು ಕೆಳಗಿನ ಸಾಲು, ಕಾಲುಚೀಲದ ಉಮೊತನ ಪಕ್ಕ.
ಒಡತಿ ಜೂರಾ ಎಜೆ. ಎಜೆ ಅಂದರೆ ಅಕ್ಕ.
ಕಸುಬು: ಮಲಗಿದ ಲ್ಯಾಪ್‌ಟಾಪುಗಳ ಮೂಗಿನ ಹತ್ತಿರ ಬೆರಳಿಟ್ಟು
ಉಸಿರಿದೆಯೇ ನೋಡುವುದು.

ಮೊದಲ ದಿನ ಕೈಗೆ ಕೊಟ್ಟದ್ದು ಸ್ಕ್ರೂ ಡ್ರೈವರಲ್ಲ,
ಪೆನ್ಸಿಲ್ಲು. ತುದಿ ಕಚ್ಚಿದ್ದು, ಅವಳೇ ಕಚ್ಚಿದ್ದು.
"ಗುಂಡಿ ಒತ್ತಿದೊಡನೆ ಎಫ್ ಟೂ, ಟಕಟಕ ಬಡಿ.
ತಡಮಾಡಿದರೆ ವಿಂಡೋಸು ಎದ್ದು ಹಾಸಿಗೆ ಹಾಸಿಬಿಡುತ್ತದೆ,
ಕೆಳಗಿನ ನೆಲ ಕಾಣುವುದಿಲ್ಲ."

ಬಡಿದೆ. ನೆಲ ಕಂಡಿತು.
ಬಯಾಸು ಎಂದು ಅದರ ಹೆಸರು.
ಬೂದುನೀಲಿ ಪರದೆ, ಮೌಸಿಗೆ ಮರ್ಯಾದೆಯಿಲ್ಲ,
ಬಾಣದ ಗುಂಡಿ ಹೋದಷ್ಟೇ ದಾರಿ.
ಎಷ್ಟು ಮೆಮೊರಿ, ಯಾವ ಡಿಸ್ಕು,
ಫ್ಯಾನು ಯಾವಾಗ ತಿರುಗಬೇಕು,
ಎಚ್ಚರವಾದಾಗ ಯಾರನ್ನು ಮೊದಲು ಕೂಗಬೇಕು,
ಒಂದು ಯಂತ್ರ ನಿದ್ದೆಗಣ್ಣಲ್ಲಿ
ತನ್ನ ಬಗ್ಗೆ ತಾನು ಗೊಣಗುವಷ್ಟು.
ಮೂಲೆಯಲ್ಲಿ ಹಳೆಯ ಒಡೆಯನ ಗುರುತು:
ಹ್ಯಾಂಬರ್ಗಿನ ಯಾವುದೋ ಹಲ್ಲಿನ ಆಸ್ಪತ್ರೆ.

"ನೋಡು. ನೋಡುವುದಕ್ಕೆ ದಂಡವಿಲ್ಲ.
ಇದ್ದದ್ದನ್ನು ಇದ್ದ ಹಾಗೇ ಬರೆದುಕೋ.
ಒಂದು ಸಲಕ್ಕೆ ಒಂದೇ ಬದಲಿಸು.
ಗಲಿಬಿಲಿಯಾಯಿತೋ, ಎಸ್ಕೇಪು. ಉಳಿಸಲೇ ಅಂತ ಕೇಳುತ್ತದೆ,
ಬೇಡ ಅನ್ನು.
ಬೇಡ ಅಂದು ಕೆಟ್ಟವರನ್ನು ನಾನು ಇಲ್ಲಿ ಕಂಡಿಲ್ಲ."

ಫೆಬ್ರವರಿಯ ಮಧ್ಯಾಹ್ನ ಅವಳು ಚಹಾಕ್ಕೆ ಹೋದಾಗ
ಸಬಿರ್‌ಬೆಕ್ ಬಂದ, ಬಾಡಿಗೆ ವ್ಯಾನುಗಳ ವೇಳಾಪಟ್ಟಿ ಬರೆಯುವವನು.
ಅವನ ಲ್ಯಾಪ್‌ಟಾಪಿಗೆ ದಿನಾ ಬೆಳಿಗ್ಗೆ
ಎರಡು ಸಾವಿರದ ಒಂಬತ್ತು, ಜನವರಿ ಒಂದು.
"ನನ್ನ ವ್ಯಾನೆಲ್ಲ ವರ್ಷಗಟ್ಟಲೆ ಲೇಟು" ಅಂದು ತಾನೇ ನಕ್ಕ.

ನಾಣ್ಯದಂಥ ಬ್ಯಾಟರಿ ತೆಗೆದೆ, ಹೊಸದು ಹಾಕಿದೆ.
ಅಲ್ಲಿಗೆ ನಿಲ್ಲಬೇಕಿತ್ತು.
ಕೈ ಕೇಳಲಿಲ್ಲ. ಡಿಸ್ಕಿನ ಸಾಲಲ್ಲೊಂದು,
ಬೂಟಿನ ಸಾಲಲ್ಲೊಂದು, ಇನ್ನೂ ಒಂದು ಎಲ್ಲೋ;
ಹೊಸ ಹೆಸರುಗಳೆಲ್ಲ ಚುರುಕಾಗಿ ಕಂಡವು.
ಎಫ್ ಟೆನ್. ಹೌದು.

ಎದ್ದಿತು, ನೀಲಿಯಾಯಿತು, ಬಿತ್ತು.
ಎದ್ದಿತು. ಬಿತ್ತು.
ಸಬಿರ್‌ಬೆಕ್ ನಗು ನಿಲ್ಲಿಸಿದ.
ಹಾಳೆ ನೋಡಿದೆ. ಹಾಳೆ ಬೆಳ್ಳಗಿತ್ತು,
ಹೊರಗಿನ ಹಿಮದಷ್ಟೇ.

ಜೂರಾ ಎಜೆ ಬಂದಳು. ಬೈಯಲಿಲ್ಲ,
ಬೈದಿದ್ದರೆ ಮುಗಿಯುತ್ತಿತ್ತು.
ಯಂತ್ರವನ್ನು ಬೋರಲು ಹಾಕಿ ಮಾಡೆಲ್ಲಿನ ನಂಬರು ಓದಿದಳು,
ಬೂಟಿನ ರಟ್ಟಿನ ಪೆಟ್ಟಿಗೆ ಎಳೆದು
ನೋಟ್‌ಬುಕ್ಕು, ಇನ್ನೊಂದು ನೋಟ್‌ಬುಕ್ಕು, ಮೂರನೆಯದು.
ನಾಲ್ಕು ಚಳಿಗಾಲ ಹಿಂದೆ
ಇದೇ ಜಾತಿಯ ಇನ್ನೊಂದು ಯಂತ್ರ,
ಯಾರದ್ದೋ, ಈಗ ಎಲ್ಲಿದೆಯೋ;
ಅದರ ಆರೋಗ್ಯವೆಲ್ಲ ಒಂದು ಪುಟದಲ್ಲಿ,
ಮಧ್ಯೆ ಚಹಾ ಲೋಟದ ಉಂಗುರ.
ಅವಳು ಓದಿದಳು, ನಾನು ಒತ್ತಿದೆ.
ಒಂದು. ನೋಡಿದೆವು. ಎರಡು. ನೋಡಿದೆವು.
ಮೂರನೆಯದಕ್ಕೆ ಎದ್ದು ನಿಂತಿತು,
ಏನೂ ಆಗಿಲ್ಲ ಅನ್ನುವ ಹಾಗೆ, ಮಕ್ಕಳು ಬಿದ್ದು ಎದ್ದ ಹಾಗೆ.

ಉಳಿದದ್ದು ಗಂಟೆ ಮಾತ್ರ. ಮತ್ತೆ ಎಫ್ ಟೂ.
ಫೋನು ತೋರಿಸಿದೆ. ಸಬಿರ್‌ಬೆಕ್ ತಲೆಯಾಡಿಸಿದ:
"ತಾಳು. ಮೂರು ಇಪ್ಪತ್ತಕ್ಕೆ ತೊಕ್ಮೊಕ್ ವ್ಯಾನು
ಗೇಟಿನಲ್ಲಿ ಹಾರ್ನು ಹೊಡೆಯುತ್ತದೆ. ಪಟ್ಟಿ ನನ್ನದೇ."
ಮೂರು, ಇಪ್ಪತ್ತು ಅಂತ ತುಂಬಿಸಿ
ಎಂಟರಿನ ಮೇಲೆ ಬೆರಳಿಟ್ಟು ಕೂತೆ.
ಉಮೊತನೂ ಕಾಲುಚೀಲ ಮಡಿಸುವುದು ಬಿಟ್ಟು ಕಿವಿಗೊಟ್ಟ.

ಹಾರ್ನು ಬಂತು.
ಫೋನಿನಲ್ಲಿ ಮೂರು ಇಪ್ಪತ್ತಾರು.
ಸಬಿರ್‌ಬೆಕ್ ಕಂಟೇನರಿನ ಗೋಡೆ ನೋಡುತ್ತಿದ್ದ.
ಜೂರಾ ಎಜೆ ನನ್ನ ಬೆರಳನ್ನು ಮೆಲ್ಲಗೆ ಎತ್ತಿ
ಅದರೊಳಗೆ ಪೆನ್ಸಿಲ್ಲು ಇಟ್ಟಳು.